ಎದುರುಮನೆ ದೊಡ್ಡಮ್ಮ ಬಿಟ್ಟ ಮೀನು

ಮೊನ್ನೆ ಮುಂಬಯಿ ಹತ್ತಿರದ ಠಾಣೆಯಲ್ಲಿ, ನಮ್ಮ ಘೋಡಬಂದರ್ ರಸ್ತೆಯ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ಒಣ ಸಿಗಡಿ ಹುರಿಯುವ ವಾಸನೆ ಬಂತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಡೊಂಬಿವಲಿಯ ಎದುರುಮನೆ ದೊಡ್ಡಮ್ಮ ನೆನಪಾಗಿ ಇಳಿಯುವುದೇ ಮರೆತುಹೋಯಿತು...

ಎಂಬತ್ತರ ದಶಕದ ಆರಂಭ. ಅಪ್ಪ ಠಾಣೆಯಲ್ಲಿ ದೊಡ್ಡ ಮನೆ ಬುಕ್ ಮಾಡಿದ್ದರು. ನಾವಿದ್ದ ಡೊಂಬಿವಲಿಯ ಮನೆ ಮಾರದೆ ಅದು ಕೈಗೆ ಸಿಗುವಂತಿರಲಿಲ್ಲ. ಗೋಡೆಗೆ ಡಿಸ್ಟೆಂಪರ್ ಹೊಡೆಸಿದೆವು, ತೇವ ಕಂಡಲ್ಲಿ ಕ್ಯಾಲೆಂಡರ್ ತೂಗುಹಾಕಿದೆವು. ಆದರೂ ನೋಡಲು ಬಂದವರು ಹೊಸ್ತಿಲಲ್ಲೇ ಮೂಗೆಳೆದು ವಾಪಸ್ ಹೋಗುತ್ತಿದ್ದರು. ದೊಡ್ಡಮ್ಮ ಮಲ್ಪೆ ಕಡೆಯವರು, ಗಂಡ ತೀರಿಕೊಂಡು ಒಬ್ಬರೇ ಇದ್ದರು. ಒಣಮೀನಿಲ್ಲದೆ ಅವರಿಗೆ ಗಂಜಿ ಇಳಿಯದು. ನಾವು ಸಸ್ಯಾಹಾರಿಗಳಾದರೂ ನಮಗೆ ಆ ವಾಸನೆ ಎಂದೋ ರೂಢಿಯಾಗಿತ್ತು.

ಮನೆ ಮಾರುವವರೆಗೆ ಮೀನು ಬೇಡ ಎಂದು ಅಮ್ಮ ಹಿಂಜರಿಯುತ್ತಲೇ ಕೇಳಿಕೊಂಡರು. ದೊಡ್ಡಮ್ಮ ನಕ್ಕುಬಿಟ್ಟರು. “ಅದಕ್ಕೆಂತ ಸಂಕೋಚ ಮಾರಾಯ್ತಿ? ಮನೆ ಹೋಗುವವರೆಗೆ ಬೇಳೆಸಾರು ಉಂಡ್ರೆ ಸಾಯುದಿಲ್ಲ ನಾನು.” ಅಷ್ಟೇ ಅಲ್ಲ, ಭಾನುವಾರ ತಮ್ಮ ಬಾಗಿಲಿಗೂ ರಂಗೋಲಿ ಹಾಕಿ, ಊದುಬತ್ತಿ ಹಚ್ಚಿ, ಇಸ್ತ್ರಿ ಸೀರೆ ಉಟ್ಟು, ಬಂದವರಿಗೆ ಕಾಫಿ ಕೊಡಲು ನಮ್ಮ ಮನೆಯಲ್ಲೇ ನಿಂತರು.

ಆ ದಿನ ಬಂದ ಹೆಂಗಸು ಅಡುಗೆಮನೆಯನ್ನೆಲ್ಲ ನೋಡಿ, “ಇಧರ್ ಸಬ್ ವೆಜ್ ಹೈ ನಾ?” ಎಂದಳು. ಅಪ್ಪ ನೆಲ ನೋಡಿದರು. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. “ಹಾಂ, ಸಬ್ ವೆಜ್. ಯೇ ಭೀ,” ಎಂದು, ಇವರೂ ಸಸ್ಯಾಹಾರಿಯೇ ಎಂಬಂತೆ ದೊಡ್ಡಮ್ಮನತ್ತ ಕೈ ತೋರಿಸಿದೆ. ಅವರು ನನ್ನನ್ನೊಮ್ಮೆ ನೋಡಿ ತಲೆಯಾಡಿಸಿದರು.

ಆ ಹೆಂಗಸಿಗೇ ಮನೆ ಮಾರಿಹೋಯಿತು. ಹೊಸ ಮನೆಯ ಸಂಭ್ರಮದಲ್ಲಿ ಆ ಮಾತು ನನಗೆ ನೆನಪೇ ಇರಲಿಲ್ಲ.

ವರ್ಷ ಕಳೆದು, ಯಾರದೋ ಮದುವೆ ಮುಗಿಸಿ ಹೊರಟವಳಿಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ದೊಡ್ಡಮ್ಮ ಸಿಕ್ಕರು. ಸೊರಗಿ ಇಳಿದುಹೋಗಿದ್ದರು. ದಿವಾದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರಂತೆ.

“ಮೀನು ತಿನ್ನಬೇಕಾದ್ರೆ ಈಗ ಅಲ್ಲಿಗೇ ಹೋಗುದು.”

“ಮನೆಯಲ್ಲಿ ಮಾಡುದಿಲ್ವಾ ದೊಡ್ಡಮ್ಮ?”

“ಹೇಗೆ ಮಾಡುದು ಮಗಾ? ನೀನು ಅವರಿಗೆ ಹೇಳಿದ್ದಿಯಲ್ಲ. ನಾಳೆ ನಿನ್ನಪ್ಪ ಸುಳ್ಳು ಹೇಳಿ ಮನೆ ಮಾರಿದ ಅಂತ ಆಗ್ಬಾರ್ದು.”

ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕೆನ್ನೆ ಸವರಿ ಗಾಡಿ ಹತ್ತಿದರು.

ನಾವು ಮಾರಿದ ಮನೆ ಸ್ಟೇಷನ್ನಿಗೆ ಹತ್ತಿರವೇ. ಹೋಗಿ ಆ ಹೆಂಗಸಿಗೆ, ಸುಳ್ಳು ಹೇಳಿದವಳು ನಾನು, ದೊಡ್ಡಮ್ಮನದೇನೂ ತಪ್ಪಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಚಿಕೆಯಾಯಿತು. ಮುಂದಿನ ವಾರ ಹೋದರಾಯಿತು ಎಂದುಕೊಂಡು ಮುಂದಿನ ಗಾಡಿಗೆ ಠಾಣೆಗೆ ಬಂದೆ. ಆ ವಾರ ಬರಲೇ ಇಲ್ಲ...

ದೊಡ್ಡಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ಕೊನೆಯವರೆಗೂ ಅವರ ಮನೆಯಲ್ಲಿ ಮೀನು ಬೇಯಲಿಲ್ಲವೆಂದು ಅವರ ತಂಗಿಯೇ ಹೇಳಿದರು. ಈಗ ನಿಜ ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾದ್ದೂ ಇಲ್ಲ.