ಎಮ್ಮೆಗೆ ಹಾಕಿದ ಬರೆ

ಸೋಲಾಪುರದಲ್ಲಿ ನೀರು ಪರೀಕ್ಷೆ ಮಾಡುವ ಕಚೇರಿಯೊಂದರಲ್ಲಿ ನಾನು ದುಡಿಯತೊಡಗಿ ಇಪ್ಪತ್ತು ವರ್ಷದ ಮೇಲಾಯಿತು. ಹೋಟಗಿಯಿಂದ ದಿನಾ ಹೋಗಿ ಬರುತ್ತೇನೆ. ಹಳ್ಳಿಗಳಿಂದ ಬಾಟಲಿ ಬರುತ್ತವೆ, ನೋಡುತ್ತೇನೆ, ಕೆಟ್ಟಿದೆ ಎಂದು ಬರೆಯುತ್ತೇನೆ. ಮುಂದಿನ ಮಳೆಗಾಲಕ್ಕೆ ಅದೇ ಹಳ್ಳಿಯ ಬಾಟಲಿ ಅದೇ ರೋಗ ಹೊತ್ತು ಮತ್ತೆ ಬರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಬರೀ ಸಾಕಾಗಿದೆ. ಕೆಟ್ಟ ನೀರಿಗೆಲ್ಲ ನನ್ನದು ಒಂದೇ ಸಲಹೆ: ಕುದಿಸಿ ಕುಡಿಯಿರಿ, ಬಾವಿಯ ಹತ್ತಿರ ದನಕರು ಕಟ್ಟಬೇಡಿ, ತಿಪ್ಪೆ ಹಾಕಬೇಡಿ. ಊರು ನೋಡದೆಯೂ ಬರೆಯಬಹುದು. ನಾನು ನೋಡದೆಯೇ ಬರೆಯುತ್ತಿದ್ದೆ.

ನನ್ನ ತವರು ಅಕ್ಕಲಕೋಟ ತಾಲೂಕಿನಲ್ಲಿ, ನಾಗಣಸೂರಿನ ಆಚೆ. ಅಲ್ಲಿ ಅಣ್ಣನ ಮನೆಯ ಎದುರಿಗೇ ಕಾಕುವಿನ ಮನೆ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಹೊಲವನ್ನೆಲ್ಲ ಮಗ ಸೊಸೆ ನೋಡಿಕೊಳ್ಳುತ್ತಾರೆ; ಅವಳು ತನ್ನದು ಎನ್ನುತ್ತಿದ್ದದ್ದು ಹಿತ್ತಲ ಬಾವಿ ಮತ್ತು ಒಂದು ಎಮ್ಮೆ, ಎರಡೇ. ಐದು ದಿನಕ್ಕೊಮ್ಮೆ ನಳದ ನೀರು ಬರುವ ಊರಿನಲ್ಲಿ ಓಣಿಗೆಲ್ಲ ಆ ಬಾವಿಯೇ ಆಸರೆ. ಹಡೆದ ಹೆಣ್ಣುಮಕ್ಕಳು ಗಂಗಿ ಪೂಜೆಗೆ ಅಲ್ಲಿಗೇ ಬರುತ್ತಿದ್ದರು. ಯಾರು ಕೊಡ ತಂದರೂ ಕಾಕು ಇಲ್ಲ ಎಂದವಳಲ್ಲ, ಬೈದು ಕೊಡುತ್ತಿದ್ದಳು ಅಷ್ಟೇ.

ಹೋದ ಮಳೆಗಾಲ ಓಣಿಯ ಕೂಸುಗಳಿಗೆ ಒಂದರ ಹಿಂದೊಂದರಂತೆ ಹೊಟ್ಟೆ ಕೆಟ್ಟಿತು. ಅಣ್ಣ ಬಾವಿಯ ನೀರನ್ನು ಬಾಟಲಿಯಲ್ಲಿ ತಂದುಕೊಟ್ಟ. ನೋಡಿದರೆ ನೀರಿಗೆ ಮಲ ಸೇರಿತ್ತು. ಮನುಷ್ಯರದೋ ದನದ್ದೋ ಎಂದು ನಮ್ಮ ಪರೀಕ್ಷೆ ಹೇಳುವುದಿಲ್ಲ. ಕಾಗದದ ಕೆಳಗೆ ಅದೇ ಸಲಹೆ ಗೀಚಿ ಕಳಿಸಿದೆ.

ಮರಾಠಿಯಲ್ಲಿದ್ದ ಆ ಕಾಗದವನ್ನು ಓಣಿಯವರ ಮುಂದೆ ಅಣ್ಣನೇ ಓದಿ ಹೇಳಿದನಂತೆ. ಎಮ್ಮೆಯ ಗೂಟ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. "ಎಮ್ಮಿ ಉಚ್ಚಿ ಕುಡಿಸ್ಯಾಳ ನಮಗ" ಎಂದು ಒಬ್ಬಳು ಅಂದೂ ಬಿಟ್ಟಳು. ಕಾಕು ಮೊದಲು ತಿಪ್ಪೆ ಎತ್ತಿಸಿದಳು, ಆಡುವವರ ಬಾಯಿ ನಿಲ್ಲಲಿಲ್ಲ. ದೀಪಾವಳಿಯ ಹೊತ್ತಿಗೆ ಎಮ್ಮೆಯನ್ನೇ ಮಾರಿಬಿಟ್ಟಳು. ಫೋನಿನಲ್ಲಿ ಹೇಳಿದಾಗ ನಾನು, "ಛಲೋ ಆತ ಬಿಡು ಕಾಕು, ಇನ್ನ ನೀರ ಸುಧಾರಿಸತೈತಿ" ಅಂದೆ.

ಸುಧಾರಿಸಲಿಲ್ಲ. ಸಂಕ್ರಾಂತಿಗೆ ಹೋದಾಗ ನಾನೇ ಬಾಟಲಿ ತುಂಬಿ ತಂದು ನೋಡಿದೆ. ಎಮ್ಮೆ ಹೋಗಿ ಎರಡು ತಿಂಗಳಾಗಿತ್ತು, ನೀರು ಮೊದಲಿಗಿಂತ ಕೆಟ್ಟಿತ್ತು. ಆಗ ಅಣ್ಣನ ಸಂಡಾಸು ನೆನಪಾಯಿತು.

ಎರಡು ವರ್ಷದ ಹಿಂದೆ ಅವನು ಹೊಸ ಸಂಡಾಸು, ಬಚ್ಚಲು ಕಟ್ಟಿಸಿದ್ದ. ಗುಂಡಿ ತೋಡಲು ಕಲ್ಲು ಅಡ್ಡ ಬಂತೆಂದು ಅಂಗಳದ ಬತ್ತಿದ ಬೋರಿಗೇ ಪೈಪು ಇಳಿಸಿದ. ಗಟಾರವಿಲ್ಲ, ಸೊಳ್ಳೆಯಿಲ್ಲ, ನಾತವಿಲ್ಲ. ಅವತ್ತು ನಾನೂ ಅಲ್ಲಿದ್ದೆ. ಹೋಳಿಗೆ ತಿಂದು, "ಛಲೋ ಮಾಡಿದಿ ನೋಡಣ್ಣಾ" ಎಂದು ಹೊಗಳಿ ಬಂದಿದ್ದೆ. ನೀರಿನ ಕಚೇರಿಯ ತಂಗಿಯೇ ಹೊಗಳಿದ ಮೇಲೆ ಅವನಿಗೇನು ಅಳುಕು? ಕಣ್ಣಿಗೆ ಕಾಣದಂತಾದದ್ದು ಹೋಯಿತು ಎಂದೇ ನಾನೂ ತಿಳಿದಿದ್ದೆ.

ಮತ್ತೆ ಊರಿಗೆ ಹೋಗಿ ಹೇಳಿದರೆ ಅಣ್ಣ ಒಪ್ಪಲಿಲ್ಲ. "ನಮ್ಮ ಬೋರ್ ಮುನ್ನೂರ ಫೂಟ್ ಐತಿ, ಆಕಿ ಬಾವಿ ನಲವತ್ತ ಫೂಟ್. ತಳದಾಗ ಬಿದ್ದಿದ್ದು ಮ್ಯಾಲೆ ಹ್ಯಾಂಗ ಬರತೈತಿ? ಎಂಥಾ ಸಾಲಿ ಕಲತಿ ನೀ?"

ಮೇಲ್ನೋಟಕ್ಕೆ ಅವನದು ಸರಿಯೇ. ಆದರೆ ನಮ್ಮ ಕಡೆ ಎರೆಮಣ್ಣಿನ ಕೆಳಗೆ ಸಡಿಲ ಗರಸುಕಲ್ಲು, ಅದರ ಕೆಳಗೆ ಕರಿಕಲ್ಲು. ಮಣ್ಣು ಕುಸಿಯದಿರಲೆಂದು ಬೋರಿಗೆ ಮೇಲಿನ ಭಾಗದಲ್ಲಿ ಮಾತ್ರ ಪೈಪು ಹಾಕಿರುತ್ತಾರೆ. ಕೆಳಗೆ ಬರೀ ಕಲ್ಲು, ಅದರಲ್ಲಿ ಅಡ್ಡಡ್ಡ ಬಿರುಕು. ಮಣ್ಣಿನಲ್ಲಿ ಇಂಗುವ ನೀರು ಸೋಸಿಕೊಳ್ಳುತ್ತ ನಿಧಾನ ಇಳಿಯುತ್ತದೆ. ಬಿರುಕಿಗೆ ಬಿದ್ದ ನೀರು ಇದ್ದದ್ದನ್ನೆಲ್ಲ ಹೊತ್ತುಕೊಂಡೇ ಓಡುತ್ತದೆ. ಬಾವಿಗೆ ಸೆಲೆ ಬರುವ ಬಿರುಕನ್ನೇ ಬೋರು ಕೊರೆದಿದ್ದರೆ ಮುಗಿಯಿತು, ಹೊಲಸು ತಳ ಮುಟ್ಟುವ ಮೊದಲೇ ಬಾವಿಯ ದಾರಿ ಹಿಡಿಯುತ್ತದೆ. ಇದನ್ನೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಹಂಗಾರ ಉಪ್ಪ ಹಾಕಿ ನೋಡೂಣು" ಅಂದೆ.

ಎರಡು ಚೀಲ ಹರಳುಪ್ಪು ಕರಗಿಸಿ ಬೋರಿಗೆ ಸುರಿದೆವು. ಆಗ ಬಾವಿಯಲ್ಲಿ ನೀರು ತಳಕ್ಕೆ ಇಳಿದಿತ್ತು, ಸ್ವಲ್ಪ ಉಪ್ಪು ಸೇರಿದರೂ ನಾಲಿಗೆಗೆ ತಿಳಿಯುತ್ತಿತ್ತು. ಕಾಕುವಿಗೆ ಹೇಳಲಿಲ್ಲ. ಸುಳ್ಳಾದರೆ ಯಾಕೆ ರಾದ್ಧಾಂತ ಎಂದು ಅಣ್ಣ, ನಿಜವಾದರೆ ಏನು ಹೇಳುವುದು ಎಂದು ನಾನು. ಇಬ್ಬರೂ ಕಳ್ಳರಂತೆ ಎರಡು ದಿನ ಕಳೆದೆವು.

ಮೂರನೆಯ ದಿನ ಮಧ್ಯಾಹ್ನ ಕಾಕು ಬೇಳೆಯ ಪಾತ್ರೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ನಳ ಬರದ ದಿನ ಅವಳು ಬಾವಿಯ ನೀರನ್ನೇ ಕುದಿಸಿ ಅಡುಗೆಗೆ ಬಳಸುತ್ತಿದ್ದಳು.

"ನೀರಿನ ಆಫೀಸಿನಾಕಿ, ಇದೊಂದ ಹೇಳು ನನಗ. ಬ್ಯಾಳಿಗೆ ನಾ ಇನ್ನಾ ಉಪ್ಪ ಹಾಕಿಲ್ಲ. ಹಾಕೂಕಿಂತ ಮೊದಲ ಉಪ್ಪಾಗೇತಿ."

ಅಣ್ಣ ಬೋರಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಆ ಸಂಜೆಯೇ ಪೈಪು ಕಿತ್ತು, ಬಾವಿಯಿಂದ ದೂರ, ಮನೆಯ ಹಿಂದಿನ ಇಳಿಜಾರಿನಲ್ಲಿ ಗುಂಡಿ ತೋಡಲು ಆಳು ಹಚ್ಚಿದ. ಕಾಕುವಿಗೆ ಹೇಳುವ ಕೆಲಸ ಮಾತ್ರ ನನಗೆ ಬಿಟ್ಟ.

ಅವಳ ಕಟ್ಟೆಯ ಮೇಲೆ ಕೂತು ಹೇಳಿದೆ. ಸಂಡಾಸಿನ ಪೈಪಿನಿಂದ ಹಿಡಿದು ನಾನು ಗೀಚಿದ ಸಲಹೆಯವರೆಗೆ ಒಂದೂ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ಬೇರೆಯವರನ್ನು ನೋಡಿ ನಗುತ್ತೇವೆ. ಇಲ್ಲಿ ಬರೆ ಹಾಕಿದ ಕೈ ನನ್ನದು. ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ. "ನೋಡದ ಬರದೆ ಕಾಕು, ತಪ್ಪಾತು. ಓಣಿ ಮಂದಿಗೂ ನಾನ ಹೇಳತೀನಿ" ಅಂದೆ. ಬಾವಿ ಯಾವಾಗ ಸರಿಯಾದೀತು ಎಂದು ಕೇಳಿದಳು. ಎಷ್ಟು ಮಳೆಗಾಲ ತೊಳೆಯಬೇಕೋ ನನಗೂ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಖಾಲಿ ಗೂಟದ ಕಡೆ ನೋಡಿದಳು.

"ಮಾರಿದ ದಿನ ಅದು ಟೆಂಪೋ ಹತ್ತವಲ್ಲದಾಗಿತ್ತ ತಂಗಿ. ಹೊಳ್ಳಿ ಹೊಳ್ಳಿ ನನ್ನ ಕಡೇನ ನೋಡತಿತ್ತು. ಬಾವಿ ಕೆಡಿಸಿ ಓಣ್ಯಾಗ ನನ್ನ ಮರ್ಯಾದಿ ತಗದಿ, ಹೋಗು ಅಂತ ಬಡದ ಹತ್ತಿಸೀನಿ" ಅಂದಳು. "ನೀ ಬಂದ ನನ್ನ ಮುಂದ ತಪ್ಪಾತು ಅಂದಿ. ನಾ ಯಾರ ಮುಂದ ಹೋಗಿ ಅನ್ನಲಿ?"