ಒಂದು ಕೋಟು, ಒಂದು ಪ್ಲಾಸ್ಟಿಕ್ ಪಿಸ್ತೂಲು

ತೊಂಬತ್ತರ ದಶಕದಲ್ಲಿ ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚು ದುಡಿದದ್ದು ಮೂರು ಸಾಮಾನು: ಪ್ಲಾಸ್ಟಿಕ್ ಪಿಸ್ತೂಲು, ಕೂಲಿಂಗ್ ಗ್ಲಾಸು, ಒಂದು ಸಿಗರೇಟು. ಮನೆಯಲ್ಲಿ ಅಪ್ಪನೆದುರು ಉಸಿರೆತ್ತದವರೆಲ್ಲ ಇಲ್ಲಿ ಬಂದು ಹುಬ್ಬು ಗಂಟಿಕ್ಕಿ, ಪಿಸ್ತೂಲನ್ನು ನೇರ ನನ್ನ ಹಣೆಗೇ ಹಿಡಿಯುತ್ತಿದ್ದರು. ಸಿಗರೇಟಿಗೆ ಕಡ್ಡಿ ಗೀರಲು ಮಾತ್ರ ನಾನು ಬಿಡುತ್ತಿರಲಿಲ್ಲ, ಸುಮ್ಮನೆ ತುಟಿಗಿಟ್ಟುಕೊಳ್ಳಬೇಕು. ಹಾಗಾಗಿ ಎರಡು ವರ್ಷ ಒಂದೇ ಸಿಗರೇಟು ನಡೆಯಿತು. ಅದು ಎಷ್ಟು ತುಟಿ ಕಂಡಿತ್ತೋ ದೇವರೇ ಬಲ್ಲ.

ಇವಲ್ಲದೆ ಮೊಳೆಗೆ ನೇತುಹಾಕಿದ ಒಂದು ಕರಿ ಕೋಟಿತ್ತು. ಅದು ಸತ್ತವರಿಗೆ. ಹಳ್ಳಿಯ ಹಿರಿಯರು ಬದುಕಿದ್ದಾಗ ಫೋಟೋ ತೆಗೆಸಿಕೊಂಡದ್ದೇ ಕಡಿಮೆ. ತೀರಿಕೊಂಡ ಮೇಲೆ ಮಕ್ಕಳು ಯಾವುದೋ ಮದುವೆಯ ಗುಂಪು ಫೋಟೋ ಹಿಡಿದು ಓಡಿಬರುತ್ತಿದ್ದರು. ಹಿಂದಿನ ಸಾಲಿನಲ್ಲಿ ಹುಣಸೆ ಬೀಜದಷ್ಟು ಕಾಣುವ ತಲೆಯ ಮೇಲೆ ಬೆರಳಿಟ್ಟು, “ಇವರ್ರಿ, ದೊಡ್ಡದು ಮಾಡಿಕೊಡ್ರಿ” ಎನ್ನುತ್ತಿದ್ದರು. ನಾನು ಆ ತಲೆಯನ್ನು ದೊಡ್ಡದು ಮಾಡಿ, ಕತ್ತರಿಸಿ, ಕೋಟು ತೊಟ್ಟ ದೇಹವೊಂದರ ಫೋಟೋಕ್ಕೆ ಅಂಟಿಸಿ, ಮಸುಕಾದ ಕಡೆ ಕುಂಚದಿಂದ ಕಣ್ಣು, ಮೀಸೆ ತಿದ್ದುತ್ತಿದ್ದೆ. ದೇಹ ನನ್ನದೇ. ಸತ್ತವರ ಪರವಾಗಿ ನಿಲ್ಲಲು ಬೇರೆ ಯಾರು ಒಪ್ಪುತ್ತಾರೆ? ಹೀಗೆ ಸುತ್ತಲಿನ ಎಷ್ಟೋ ಪಡಸಾಲೆಗಳಲ್ಲಿ ನಾನು ಬೇರೆ ಬೇರೆ ತಲೆ ಹೊತ್ತು, ಹಾರ ಹಾಕಿಸಿಕೊಂಡು ನಿಂತಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಒಂದು ದಿನ ಮಸೂತಿ ಎಂಬ ಹಳ್ಳಿಯಿಂದ ಒಬ್ಬ ರೈತ ತನ್ನ ಮುದಿ ತಾಯಿಯನ್ನು ಟೆಂಪೋದಲ್ಲಿ ಕರೆತಂದ. ಅವನ ಮೀಸೆಯೂ ನರೆತಿತ್ತು.

“ಅವ್ವಂದು ಈಗಽ ತೆಗೆಸಿಡ್ತೇನ್ರಿ. ಮುಂದ ಗ್ವಾಡಿಗೆ ಬೇಕಾಗ್ತೈತಿ,” ಎಂದ, ಅವಳೆದುರೇ.

ಹೇಗಿರಬೇಕೆಂದೂ ಅವನೇ ಹೇಳಿದ. ತಲೆ ಮೇಲೆ ಸೆರಗು, ಕೈಯಲ್ಲಿ ಜಪಮಣಿ, ಬಾಯಿ ಮುಚ್ಚಿರಬೇಕು. ಮುದುಕಿ ಹಲ್ಲು ನೋವು ಬಂದವಳಂತೆ ಕೂತಳು. ನಾನು ತೆಗೆದೆ. ಮಗ ಬಿತ್ತನೆ ಬೀಜ ತರಲು ಅಂಗಡಿಗೆ ಹೋದ. ಅವಳು ಸ್ಟೂಲಿನಿಂದ ಏಳಲೇ ಇಲ್ಲ. ಮೊಳೆಯ ಕಡೆಯೇ ನೋಡುತ್ತಿದ್ದಳು.

“ಆ ಕೋಟು ನಮ್ಮ ಮನ್ಯಾಗೈತಿ,” ಎಂದಳು.

“ಇಲ್ಲೇ ಐತಲ್ಲಬೇ ಆಯಿ.”

“ನಮ್ಮ ಮನಿಯವರ ಮೈಮ್ಯಾಲೈತಿ. ಮ್ಯಾಲಿನ ಗುಂಡಿಯಿಲ್ಲ, ಕಿಸೆದಾಗ ಪೆನ್ನು. ಅವರು ಹೆಬ್ಬಟ್ಟು ಒತ್ತೂ ಮನಿಶ್ಯಾ, ಪೆನ್ನು ಯಾಕ ಹಿಡದಾರು?”

ನಾನು ಮೆಲ್ಲಗೆ ಕೋಟಿಗೆ ಅಡ್ಡ ನಿಂತೆ.

“ಖರೇ ಹೇಳ್ತೇನಿ ತಮ್ಮಾ, ಅವರು ಹೋರಿ ಗುಟುರು ಹಾಕಿದ್ರ ಹೆದರ್ತಿದ್ರು. ನಾ ಜೋರಾಗಿ ಕೆಮ್ಮಿದ್ರೂ ಹೆದರ್ತಿದ್ರು. ಭಾಳ ಚಲೋ ಮನಿಶ್ಯಾ. ನೀ ಮಾಡಿದ ಫೋಟೋದಾಗ ತಹಶೀಲ್ದಾರ ಆಗಿ ನನ್ನನ್ನಽ ಗುರಾಯಿಸ್ತಾರ. ಐದಾರು ವರ್ಷಾತು, ದಿನಾ ಮುಂಜಾನೆ ಯಾವನೋ ಪರಗಂಡಸಿಗೆ ಊದಿನಕಡ್ಡಿ ಬೆಳಗಾಕತ್ತೇನಿ.”

ಆ ಪರಗಂಡಸಿನ ಎದೆ ಅವಳೆದುರೇ ಢವಢವ ಹೊಡೆದುಕೊಳ್ಳುತ್ತಿತ್ತು. ಆ ಗುಂಪು ಫೋಟೋ ತಂದರೆ ಇನ್ನೊಮ್ಮೆ ಮಾಡಿಕೊಡುತ್ತೇನೆ ಎಂದೆ.

“ಅದನ್ನ ಇಲಿ ತಿಂದು ಯಾವ ಕಾಲಾತು. ಮನಿಶ್ಯಾ ಹೋದ್ರು, ಈಗ ಅವರ ಮುಖಾನೂ ಹೋತು.”

ಅಷ್ಟು ವರ್ಷ ಹೆಮ್ಮೆಪಟ್ಟ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಅವಳೇ ಮಾತು ತಿರುಗಿಸಿದಳು. ಪಿಸ್ತೂಲು ತೋರಿಸಿ, “ಅದನ್ನ ಕೊಡಿಲ್ಲೆ. ನಂದು ಇನ್ನೊಂದು ತಗಿ,” ಎಂದಳು. ಬೈಸಿಕೊಂಡವನಿಗೆ ಬೇಡ ಎನ್ನುವ ಬಾಯಿ ಎಲ್ಲಿಂದ ಬರಬೇಕು? ಉಳಿದೆರಡು ಸಾಮಾನನ್ನೂ ಮುಂದಿಟ್ಟೆ. ಕೂಲಿಂಗ್ ಗ್ಲಾಸು ಹಾಕಿ ನೋಡಿ, “ಕಣ್ಣು ಕಾಣಬೇಕು” ಎಂದು ತೆಗೆದಿಟ್ಟಳು. ಸಿಗರೇಟನ್ನು ಮೂಸಿ, “ಥೂ, ಹೊಲಸು!” ಎಂದು ರಸ್ತೆಗೆ ಎಸೆದಳು. ಆ ಸಿಗರೇಟಿನ ಸೇವೆ ಅಲ್ಲಿಗೆ ಮುಗಿಯಿತು.

ಪಿಸ್ತೂಲು ಕ್ಯಾಮೆರಾಕ್ಕೆ ಹಿಡಿಯಬೇಕೆಂದೆ.

“ನಿನಗ್ಯಾಕ ಹೊಡೀಲಿ? ಆ ಕಿಡಕಿ ಕಡೆ ಹಿಡೀತೇನಿ. ಫೋಟೋದಾಗೂ ಅದಽ ಕಡೆ ಬರ್ತೈತಿಲ್ಲ?”

ಬರುತ್ತದೆ ಎಂದೆ. ಸೆರಗು ಹೆಗಲಿಗೆ ಜಾರಿತು. ಒಂದು ಹುಬ್ಬು ಮೇಲೇರಿತು. ಉಳಿದ ನಾಲ್ಕು ಹಲ್ಲೂ ಕಾಣುವಂತೆ, ತಪ್ಪಿಸಿಕೊಂಡು ಓಡುವವನನ್ನು ಹಿಡಿದವಳ ಹಾಗೆ ನಕ್ಕಳು. ಅಂಥ ಮುಖ ನನ್ನ ಕ್ಯಾಮೆರಾ ಅದುವರೆಗೆ ಕಂಡಿರಲಿಲ್ಲ. ಮಗನಿಗೆ ಹೇಳಬಾರದೆಂದು ಭಾಷೆ ತೆಗೆದುಕೊಂಡಳು. ಮುಂದಿನ ಸಂತೆಗೆ ತಾನೊಬ್ಬಳೇ ಬಂದು, ಕಟ್ಟು ಹಾಕಿಸಿದ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಏಳೆಂಟು ವರ್ಷ ಕಳೆದವು. ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು, ಕೋಟಿಗೆ ಹುಳ ಹತ್ತಿತು. ಒಂದು ಬೆಳಿಗ್ಗೆ ಅದೇ ಮಗ ಬಾಗಿಲಲ್ಲಿ ನಿಂತಿದ್ದ.

“ಅವ್ವ ಹೋದ್ಳು. ಟ್ರಂಕಿನ್ಯಾಗ ಒಂದು ಫೋಟೋ ಸಿಕ್ಕೈತಿ. ಅದನ್ನಽ ಅಪ್ಪನ ಫೋಟೋದ ಬಲಕ್ಕ ಹಾಕಬೇಕಂತ ನನ್ನ ಹೇಣ್ತಿ ಕಡಿಂದ ಆಣಿ ಮಾಡಿಸಿಕೊಂಡಿದ್ಳಂತ. ನಡೀರಿ ಮನಿಗೆ. ಏನ್ ಮಾಡಿಟ್ಟೀರಿ ಅನ್ನೂದು ನೀವಽ ನೋಡ್ರಿ.”

ಅವನ ಹಿಂದೆ ಟೆಂಪೋ ಹತ್ತಿದೆ. ನಾನು ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿದೆ.

ಪಡಸಾಲೆಗೆ ಕಾಲಿಟ್ಟೆ. ಗೋಡೆಯ ಮೇಲೆ ಎಡಕ್ಕೆ ಕೋಟು ತೊಟ್ಟ ಗಂಡ, ಬಲಕ್ಕೆ ಅವಳು. ಪಿಸ್ತೂಲು ಮುಚ್ಚದಂತೆ ಹಾರವನ್ನು ಗಿಡ್ಡ ಕಟ್ಟಿದ್ದರು. ಅವಳು ಕಿಟಕಿಯ ಕಡೆ ಹಿಡಿದಿದ್ದ ಪಿಸ್ತೂಲು ಈಗ ನೆಟ್ಟಗೆ ಪಕ್ಕದ ಕಟ್ಟಿನ ಕೋಟಿಗೆ ಗುರಿಯಾಗಿತ್ತು. ಅಂದರೆ ನನ್ನ ಎದೆಗೆ.

“ತಪ್ಪಾತ್ರಿ,” ಎಂದೆ. “ಇದನ್ನ ತಗೀರಿ. ಜಪಮಣಿ ಹಿಡಿದಿದ್ದು ಐತೆಲ್ಲ, ಅದನ್ನಽ ಹಾಕೂಣು.”

ಅವನು ತಲೆಯಾಡಿಸಿದ. “ಬ್ಯಾಡ್ರಿ. ಮೊದಲ ನನಗೂ ಸಿಟ್ಟು ಬಂದಿತ್ತು. ಆಮ್ಯಾಲ ಇಲ್ಲೇ ಕುಂತು ನೋಡಿದೆ.” ಎಡಗಡೆಯ ಫೋಟೋಕ್ಕೆ ಬೆರಳು ತೋರಿಸಿದ. “ಅದನ್ನ ನೋಡ್ರಿ.”

ನೋಡಿದೆ. ನಾನೇ ಕುಂಚ ಹಿಡಿದು ಅಗಲ ಮಾಡಿದ ಕಣ್ಣುಗಳು. ಇಷ್ಟು ವರ್ಷ ಅಧಿಕಾರದಿಂದ ದುರುಗುಟ್ಟಿದ್ದವು. ಈಗ ಪಕ್ಕದಲ್ಲಿ ಪಿಸ್ತೂಲು ಹಿಡಿದು ನಗುವ ಹೆಂಡತಿ. ಅದೇ ಕಣ್ಣುಗಳು ಗಾಬರಿಯಿಂದ ಅರಳಿದ್ದವು.

“ಹೆಂಗ ಹೆದರ್ಯಾನ ನೋಡ್ರಿ,” ಎಂದ ಮಗ. ನಗುತ್ತಿದ್ದ, ಟವೆಲಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದ. “ಈಗ ಖರೇನ ನಮ್ಮಪ್ಪ ಆಗ್ಯಾನ.”