ಬೆಂಕಿಗೆ ಹಿಡಿದ ಎಳೆ

ಮೊನ್ನೆ ಡೊಂಬಿವಲಿ ಪೂರ್ವದ ಒಂದು ಬಟ್ಟೆ ಅಂಗಡಿಯಿಂದ ನನ್ನನ್ನು ಹೆಚ್ಚುಕಡಿಮೆ ಹೊರಗೆ ಹಾಕಿದರು. ತಪ್ಪು ನನ್ನದೇ. ಹೆಂಡತಿಯ ಜೊತೆ ಮೊಮ್ಮಗಳಿಗೆ ಒಂದು ಫ್ರಾಕು ನೋಡಲು ಹೋಗಿದ್ದೆ. ಕತ್ತಿನ ಹಿಂದಿನ ಚೀಟಿಯಲ್ಲಿ ಶುದ್ಧ ಹತ್ತಿ ಎಂದು ಬರೆದಿತ್ತು. ನಾನು ಒಳ ಅಂಚಿನಿಂದ ಒಂದು ಎಳೆ ಕಿತ್ತು, ಜೇಬಿನಿಂದ ಲೈಟರ್ ತೆಗೆದು ಹಚ್ಚಿದೆ. ನಾನು ಬೀಡಿ ಸಿಗರೇಟು ಮುಟ್ಟುವವನಲ್ಲ. ಲೈಟರ್ ಇಟ್ಟುಕೊಂಡಿರುವುದು ಇದಕ್ಕೇ. ಎಳೆ ಉರಿಯಲಿಲ್ಲ, ಸುರುಟಿಕೊಂಡು ಹಿಂದೆ ಸರಿಯಿತು, ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಗುಂಡು ಕಟ್ಟಿತು. ಕರಗಿದ ಬಕೆಟ್ಟಿನ ವಾಸನೆ ಕೌಂಟರಿನ ಮೇಲೆಲ್ಲ ಹರಡಿತು.

"ದುಕಾನ್ ಜಲಾಯೇಂಗೆ ಕ್ಯಾ ಅಂಕಲ್?" ಅಂಗಡಿಗೇ ಬೆಂಕಿ ಹಚ್ಚುತ್ತೀರಾ ಎಂದು ಅಲ್ಲಿನ ಹುಡುಗಿ ಕೂಗಿದಳು. ನನ್ನ ಹೆಂಡತಿ ಆ ಹೊತ್ತಿಗೆ ಆಚೆ ಸಾಲಿನ ಟವೆಲುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ, ನನಗೂ ತನಗೂ ಸಂಬಂಧವೇ ಇಲ್ಲದವಳಂತೆ ನಿಂತಿದ್ದಳು.

ಈ ಪರೀಕ್ಷೆಯನ್ನು ನೀವೂ ಕಲಿತಿಡಿ, ಉಪಯೋಗಕ್ಕೆ ಬರುತ್ತದೆ. ಎಳೆ ಬಟ್ಟೆಯದೇ ಆಗಿರಬೇಕು, ಹೊಲಿಗೆಯ ದಾರ ಹಿಡಿದರೆ ಮೋಸ ಹೋಗುತ್ತೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಬೂದಿ ಬೆರಳಿಗೆ ವಿಭೂತಿಯಂತೆ ಅಂಟುತ್ತದೆ. ಪಾಲಿಯೆಸ್ಟರ್ ಆದರೆ ಗುಂಡು. ಅದನ್ನು ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಇದನ್ನು ನನಗೆ ಕಲಿಸಿದವಳು ನೀಲವ್ವ, ನನ್ನ ಭಿವಂಡಿಯ ಗೋದಾಮಿನಲ್ಲಿ ಚಿಂದಿ ವಿಂಗಡಿಸುತ್ತಿದ್ದವಳು. "ಹತ್ತಿ ಸತ್ತರ ಮಣ್ಣಿಗಿ ಹೋಗತೈತ್ರಿ ಅಣ್ಣಾರ. ಇದು ಸುಟ್ಟರೂ ಸಾಯಂಗಿಲ್ಲ" ಎನ್ನುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಒಂದೇ ಒಂದು ದಿನ ನೆನಪಾಗುತ್ತದೆ.

ನಾನು ಚಿಂದಿ ವ್ಯಾಪಾರಕ್ಕೆ ಬಂದದ್ದು ಹೋಟೆಲಿನ ಮೇಜಿನಿಂದ. ಕಾರ್ಕಳದ ಕಡೆಯಿಂದ ಬಂದವನು ಠಾಣೆ ಸ್ಟೇಷನ್ನಿನ ಹೊರಗಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದೆ. ಒರೆಸುವ ಬಟ್ಟೆ ವಾರಕ್ಕೊಂದು ಕಟ್ಟು ಬರುತ್ತಿತ್ತು. ಉಳಿದ ಹುಡುಗರು ಮೇಜಿನ ಮೇಲಿನ ಟಿಪ್ಸ್ ನೋಡುತ್ತಿದ್ದರೆ ನಾನು ಆ ಕಟ್ಟು ಎಲ್ಲಿಂದ ಬರುತ್ತದೆ ಎಂದು ಕೇಳುತ್ತ ಹೋದೆ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಭಿವಂಡಿಯಲ್ಲಿ ತಗಡಿನ ಗೋದಾಮು ಹಿಡಿದಿದ್ದೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಮೂಟೆಗಟ್ಟಲೆ ತಂದು ಬಣ್ಣ, ಜಾತಿ ನೋಡಿ ವಿಂಗಡಿಸುವುದು. ದೊಡ್ಡ ತುಂಡು ಅಂಬರನಾಥದ ವರ್ಕ್‌ಶಾಪ್‌ಗಳಿಗೆ ಎಣ್ಣೆ ಒರೆಸಲು, ಒಳ್ಳೆಯ ಹತ್ತಿ ಉತ್ತರದ ಗಿರಣಿಗಳಿಗೆ. ಅವರು ಅದನ್ನು ಸಿಗಿದು ಮತ್ತೆ ನೂಲು ಮಾಡುತ್ತಾರೆ. ಹನ್ನೊಂದು ಹೆಂಗಸರು ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದರು. ಬಿಜಾಪುರದ ಕಡೆಯ ನೀಲವ್ವ ಅವರಿಗೆಲ್ಲ ಹಿರಿಯಳು. ಫ್ಯಾನ್ ಇರಲಿಲ್ಲ, ಹಾಕಿದರೆ ನಾರು ಹಾರುತ್ತದೆ ಎಂದು ನಾನು ಹೇಳುತ್ತಿದ್ದೆ. ಚಿಂದಿಯವರೆಲ್ಲರೂ ಹಾಗೆಯೇ ಹೇಳುತ್ತಾರೆ.

ಇಲ್ಲಿ ನನ್ನ ಇನ್ನೊಂದು ವಿದ್ಯೆಯ ಬಗ್ಗೆ ಹೇಳದಿದ್ದರೆ ಕಥೆ ನಡೆಯುವುದಿಲ್ಲ. ಮುಂಬೈ ಕಡೆಯ ಕನ್ನಡಿಗರಿಗೆಲ್ಲ ಈ ವಿದ್ಯೆ ಗೊತ್ತು. ಚೌಕಾಶಿ ಹಿಂದಿಯಲ್ಲಿ, ಗುಟ್ಟು ಕನ್ನಡದಲ್ಲಿ. ಕಲ್ಯಾಣದ ಮಂಡಿಯಲ್ಲಿ ಗಂಡ ಹೆಂಡತಿಗೆ "ಇಷ್ಟ ಆಗಿದೆ ಅಂತ ಮುಖದಲ್ಲಿ ತೋರಿಸ್ಬೇಡ" ಎನ್ನುವುದು ಕನ್ನಡದಲ್ಲಿ, ಅದೂ ವ್ಯಾಪಾರಿಯ ಮೂಗಿನ ಕೆಳಗೆ. ಲೋಕಲ್ ಟ್ರೈನಿನಲ್ಲಿ ಎದುರಿಗೆ ಕೂತವನ ಹೊಟ್ಟೆಯ ಬಗ್ಗೆ ಟೀಕೆ ಮಾಡುವುದೂ ಕನ್ನಡದಲ್ಲೇ. ಭಾಷೆಯೆಂಬುದು ನಮಗೆ ಬಾಗಿಲಿಗೆ ಹಾಕಿದ ಪರದೆ. ಪರದೆಯ ಹಿಂದೆ ನಿಂತು ನಾನು ಎಷ್ಟೋ ವ್ಯಾಪಾರ ಗೆದ್ದಿದ್ದೇನೆ, ದನಿ ತಗ್ಗಿಸುವ ಅಗತ್ಯವೂ ಬಿದ್ದಿರಲಿಲ್ಲ.

ಎರಡು ಸಾವಿರದ ಹನ್ನೆರಡು-ಹದಿಮೂರರ ಸುಮಾರಿಗೆ ಒಂದು ದಿನ ಅಂಬರನಾಥದ ಒಂದು ಗಾರ್ಮೆಂಟ್ ಕಾರ್ಖಾನೆಯ ಮ್ಯಾನೇಜರ್ ನನ್ನನ್ನು ಕರೆಸಿ ಒಂದು ಕಾಗದ ಮುಂದಿಟ್ಟರು. ನನ್ನ ಮೂಟೆಗಳು ಹೆಚ್ಚುಕಡಿಮೆ ಎಲ್ಲ ಬರುತ್ತಿದ್ದದ್ದು ಆ ಕಾರ್ಖಾನೆಯಿಂದ. ಅವರ ಬಟ್ಟೆ ಕೊಳ್ಳುವ ಹೊರದೇಶದಲ್ಲಿ ಒಂದು ಕಾನೂನು ಇದೆಯಂತೆ: ಬಟ್ಟೆಯನ್ನು ಮಾರುಕಟ್ಟೆಗೆ ತಂದವನೇ ಅದು ಹರಿದು ಹೋದ ಮೇಲೂ ಹೊಣೆ. ಹಾಗಾಗಿ ಆ ಕಂಪನಿಯವರು ಈಗ ಕತ್ತರಿಸಿದ ಚೂರಿನ ಲೆಕ್ಕವನ್ನೂ ಕೇಳತೊಡಗಿದ್ದಾರೆ. ಕಾಗದದ ಸಾರ ಇಷ್ಟೇ: ಈ ಕಾರ್ಖಾನೆಯ ಚಿಂದಿಯೆಲ್ಲ ಮರುಬಳಕೆಗೆ ಹೋಗುತ್ತದೆ, ಒಂದು ಚೂರೂ ಸುಡುವುದಿಲ್ಲ, ಎಸೆಯುವುದಿಲ್ಲ. ಕೆಳಗೆ ನನ್ನ ಸಹಿಗೆ ಜಾಗ.

ಸುಳ್ಳು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹತ್ತಿಗೆ ಹಿಗ್ಗುವ ಲೈಕ್ರಾ ಎಳೆ ಬೆರೆತದ್ದು, ರಬ್ಬರಿನಂಥ ಪ್ರಿಂಟು ಮೆತ್ತಿದ್ದು, ಇವನ್ನು ಯಾವ ಗಿರಣಿಯೂ ಮುಟ್ಟುತ್ತಿರಲಿಲ್ಲ. ಅಂಥದ್ದು ನನ್ನ ಗೋದಾಮಿನ ಹಿಂಭಾಗದಲ್ಲಿ ಸೇರಿಕೊಂಡು, ಹದಿನೈದು ದಿನಕ್ಕೊಮ್ಮೆ ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಘಟಕದ ಬಾಯ್ಲರಿಗೆ ಸೌದೆಯಾಗಿ ಹೋಗುತ್ತಿತ್ತು. ಅದರ ಚಿಮಣಿಯ ಹೊಗೆ ನೀಲವ್ವನ ಚಾಳಿನ ಮನೆಗಳ ಮೇಲೆಯೇ ಇಳಿಯುತ್ತಿತ್ತು. ಒಣಹಾಕಿದ ಸೀರೆಯ ಮೇಲೆ ಕರಿ ಕೂರುತ್ತದೆ ಎಂದು ಅವಳು ಎರಡು ಮೂರು ಸಲ ಹೇಳಿದ್ದಳು. ನಾನು ಸಹಿ ಹಾಕಿದೆ.

ತಿಂಗಳೊಳಗೆ ಆ ಹೊರದೇಶದ ಕಂಪನಿಯ ಕಡೆಯಿಂದ ನನ್ನ ಗೋದಾಮಿನ ತಪಾಸಣೆಗೆ ಒಬ್ಬ ಹುಡುಗಿ ಬಂದಳು. ಜೊತೆಗೆ ಮ್ಯಾನೇಜರ್. ಹುಡುಗಿಯದು ಜೀನ್ಸ್, ಕುರ್ತಾ, ಕೈಯಲ್ಲಿ ದಪ್ಪ ನೋಟ್‌ಬುಕ್. ಮ್ಯಾನೇಜರ್ ಹತ್ತಿರ ಇಂಗ್ಲಿಷು, ನನ್ನ ಹತ್ತಿರ ಹಿಂದಿ. ಅವಳು ಕೊಟ್ಟ ಕಾರ್ಡನ್ನು ನಾನು ಓದದೆ ಜೇಬಿಗೆ ಹಾಕಿದೆ. ಕನ್ನಡಕ ತೆಗೆಯುವ ಆಲಸ್ಯ. ಎಳೆ ಸುಡದೆ ಒಂದು ಕರ್ಚೀಫೂ ಕೊಳ್ಳದವನು ನಾನು.

ಅವಳು ನನ್ನಿಂದ ಎರಡು ಮಾರು ದೂರದಲ್ಲಿ ಬಗ್ಗಿ ಒಂದು ಮೂಟೆಯ ಚೀಟಿ ಬರೆದುಕೊಳ್ಳುತ್ತಿದ್ದಳು. ನಾನು ಎಂದಿನ ದನಿಯಲ್ಲೇ ಕನ್ನಡದಲ್ಲಿ ಹೇಳಿದೆ: "ನೀಲವ್ವಾ, ಹಿಂಬದಿಯ ಮೂಟೆ ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರೆ ಗಿರಣಿಗೆ ಅಂತ್ಲೇ ಹೇಳ್ಬೇಕು. ಬಾಯ್ಲರ್ ಅಂತ ಬಾಯಲ್ಲಿ ಬರ್ಲಿಕ್ಕಿಲ್ಲ, ಗೊತ್ತಾಯ್ತಾ?"

ನೀಲವ್ವನ ಕೈ ನಿಲ್ಲಲಿಲ್ಲ. "ಗಿರಣಿಯವ ಅದನ್ನ ಹೋದ ದೀಪಾವಳಿಗೇ ವಾಪಸ್ ಕಳಿಸ್ಯಾನಲ್ರೀ?"

"ಅದೆಲ್ಲ ಈಗ ಬೇಡ ಮಾರಾಯ್ತಿ. ಹೇಳಿದಷ್ಟು ಹೇಳು."

"ನೀವ ಹೇಳ್ರಿ ಅಣ್ಣಾರ. ನಿಮಗ ರೂಢಿ ಐತಿ."

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ನಾನೂ ನಕ್ಕೆ. ಹುಡುಗಿಯ ಪೆನ್ನು ಒಂದು ಕ್ಷಣ ನಿಂತದ್ದನ್ನು ನೋಡಿದೆ. ಶಾಯಿ ಮುಗಿದಿರಬೇಕು ಎಂದುಕೊಂಡೆ.

ಅವಳು ಎದ್ದು ನೇರವಾಗಿ ಗೋದಾಮಿನ ಹಿಂಭಾಗಕ್ಕೆ ನಡೆದಳು. ಒಂದು ಮೂಟೆಯ ಬಾಯಿ ಬಿಚ್ಚಿ ಒಂದು ಪಟ್ಟಿ ಎಳೆದು, "ಮಾಚಿಸ್ ಹೈ?" ಎಂದಳು. ನಾನು ಇಲ್ಲ ಎನ್ನುವಷ್ಟರಲ್ಲಿ ನೀಲವ್ವ ತನ್ನ ಸಂಚಿಯಿಂದ ಕಡ್ಡಿಪೆಟ್ಟಿಗೆ ತೆಗೆದು ಕೊಟ್ಟಾಗಿತ್ತು. ಎಳೆ ಸುರುಟಿತು. ಗುಂಡು ಕಟ್ಟಿತು. ಆ ವಾಸನೆ ತಗಡಿನ ಕೆಳಗೆ ನಿಂತುಬಿಟ್ಟಿತು.

"ಅಂಕಲ್," ಎಂದಳು ಮೆಲ್ಲಗೆ, "ವೋ ಬಾಯ್ಲರ್ ಕಿಧರ್ ಹೈ?"

ಮ್ಯಾನೇಜರ್ "ಕೌನ್ಸಾ ಬಾಯ್ಲರ್?" ಎಂದರು. ಹುಡುಗಿ ಹಿಂದಿಯಲ್ಲೇ ಹೇಳಿದಳು: ಅಪ್ಪ ಬ್ರಹ್ಮಾವರದ ಕಡೆಯವರು, ಠಾಣೆಯ ವರ್ತಕ ನಗರದಲ್ಲಿ ಹೋಟೆಲ್. ಮನೆಯಲ್ಲಿ ಕನ್ನಡ, ತುಳು ಎರಡೂ ಕಿವಿಗೆ ಬೀಳುತ್ತವೆ. "ಸಮಝ್‌ತೀ ಸಬ್ ಹೂಂ. ಬೋಲ್ ನಹೀ ಪಾತೀ." ಎಲ್ಲ ಅರ್ಥವಾಗುತ್ತದೆ, ಮಾತಾಡಲು ಮಾತ್ರ ಬರುವುದಿಲ್ಲ ಎಂದು.

ಆಗ ನಾನು ಕನ್ನಡಕ ಹಾಕಿ ಕಾರ್ಡು ನೋಡಿದೆ. ಕುಲನಾಮ ಅಚ್ಚುಕಟ್ಟಾಗಿ ನಮ್ಮ ಊರ ಕಡೆಯದೇ.

"ಅಯ್ಯ ನಮ್ಮವ್ವಾ!" ಎಂದು ನೀಲವ್ವ ಹಣೆ ಚಚ್ಚಿಕೊಂಡಳು. ಯಾರೂ ನಗಲಿಲ್ಲ. ಹನ್ನೊಂದು ಜನರ ಅನ್ನ ಆ ಹುಡುಗಿಯ ಪೆನ್ನಿನ ತುದಿಯಲ್ಲಿತ್ತು, ಮತ್ತು ಅದನ್ನು ಅಲ್ಲಿ ಕೊಂಡುಹೋಗಿ ಇಟ್ಟವನು ನಾನು.

ನನ್ನ ನಾಚಿಕೆಗೇಡಿತನವನ್ನೂ ಹೇಳಿಬಿಡುತ್ತೇನೆ. "ಮಗಾ, ನಮ್ಮ ಊರಿನ ಹುಡುಗಿ ನೀನು" ಎಂದು ಶುರುಮಾಡಿದೆ. ಅವಳು, "ಇಸೀಲಿಯೇ ತೋ ಪೂಛ್ ರಹೀ ಹೂಂ, ಅಂಕಲ್" ಎಂದಳು, ಅದಕ್ಕೇ ತಾನೇ ಕೇಳುತ್ತಿರುವುದು ಎಂದು. ಅದೇ ಹೊತ್ತಿಗೆ ಮ್ಯಾನೇಜರ್ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು "ಶೇಠ್, ಸಾಂಭಾಳೂನ್ ಘ್ಯಾ" ಎಂದರು. ಸಂಭಾಳಿಸು ಎಂದರೆ ಎಲ್ಲವನ್ನೂ ನಿನ್ನ ತಲೆಗೆ ಎಳೆದುಕೋ ಎಂದು. ಕಾರ್ಖಾನೆಗೆ ಗೊತ್ತಿಲ್ಲ, ಚಿಂದಿಯವನು ಮೋಸ ಮಾಡಿದ ಎಂದಾಗಬೇಕು.

ನೀಲವ್ವ ಎದ್ದಳು. ಅವತ್ತೇ ಕಾರ್ಖಾನೆಯಿಂದ ಬಂದಿದ್ದ, ಇನ್ನೂ ಬಿಚ್ಚದ ಒಂದು ಮೂಟೆಯನ್ನು ದರದರ ಎಳೆದುತಂದು ಹುಡುಗಿಯ ಕಾಲಬಳಿ ಮಗುಚಿದಳು. ಬಿಳಿ ಹತ್ತಿ, ಲೈಕ್ರಾ, ಪ್ರಿಂಟಿನ ಚೂರು, ಗೋಂದಿನ ಟೇಪು, ಚಹಾದ ಪ್ಲಾಸ್ಟಿಕ್ ಕಪ್ಪು.

"ನೋಡವ್ವ ತಂಗಿ. ಕತ್ತರಸೂ ಮೇಜಿನ ಮ್ಯಾಗ ಇದು ಬ್ಯಾರೆ, ಅದು ಬ್ಯಾರೆನ ಇರತೈತಿ. ಕಸಬರಿಗಿ ಹಚ್ಚಿ ಒಂದ ಚೀಲಕ್ಕ ತುರುಕತಾರ. ಕೂಡಿಸಾವ್ರು ಅವರು, ಬಿಡಸೂದು ನಮ್ಮ ಹಣೀಬರಾ. ಬಿಡಸಾಕ ಬರದ್ದು ಬೆಂಕಿಗಿ. ಆ ಹೊಗಿ ಮತ್ತ ನಮ್ಮ ಕೂಸುಗಳ ಮೂಗಿಗಿ."

"ಅಗರ್ ಟೇಬಲ್ ಪೇ ಹೀ ಅಲಗ್ ಕರೇಂ ತೋ?" ಕತ್ತರಿಸುವ ಮೇಜಿನ ಮೇಲೇ ಬೇರೆ ಮಾಡಿದರೆ ಎಂದು ಹುಡುಗಿ ಕೇಳಿದಳು.

"ಅಲ್ಲೇ ಎರಡು ಚೀಲ ಇಟ್ರ ಮುಗೀತಲ್ಲವ್ವ! ನನ್ನ ಮುಂದ ಬರೂದ ಪೂರಾ ಹತ್ತಿ. ಲೈಕ್ರಾ ಅವರ ಹಂತ್ಯಾಕ ಉಳಿಲಿ. ಏನ ಮಾಡಬೇಕಂತ ಅವರ ತಲಿ ಕೆಡಿಸ್ಕೊಳ್ಳಲಿ."

ಒಬ್ಬಳು ಹಿಂದಿಯಲ್ಲಿ ಕೇಳುತ್ತಿದ್ದಳು, ಇನ್ನೊಬ್ಬಳು ಬಿಜಾಪುರದ ಕನ್ನಡದಲ್ಲಿ ಹೇಳುತ್ತಿದ್ದಳು, ನಡುವೆ ನಾನು, ಎರಡೂ ಬಲ್ಲ ಜಾಣ, ಗೂಟದಂತೆ ನಿಂತಿದ್ದೆ. ಕೊನೆಗೆ ಹುಡುಗಿ ನನ್ನತ್ತ ತಿರುಗಿದಳು. ನೀವು ಹಳೆಯ ಕಾಗದ ಹಿಂದಕ್ಕೆ ಪಡೆದು ನಿಜ ಬರೆದುಕೊಟ್ಟರೆ ಚಿಂದಿ ಹೇಗೆ ಬೆರೆತು ಬರುತ್ತದೆ ಎಂಬುದನ್ನೂ ಬರೆಯುತ್ತೇನೆ. ಇಲ್ಲದಿದ್ದರೆ ಸುಡುವವರು ನೀವು ಎಂದಷ್ಟೇ ಬರೆಯಬೇಕಾಗುತ್ತದೆ ಎಂದಳು.

ಬರೆದರೆ ಕಾರ್ಖಾನೆ ಕೈಬಿಡುತ್ತದೆ. ಬರೆಯದಿದ್ದರೆ ಕಂಪನಿಯೇ ಕಾರ್ಖಾನೆಗೆ ಹೇಳಿ ನನ್ನನ್ನು ಬಿಡಿಸುತ್ತದೆ. ನಾನು ಧರ್ಮರಾಯನಂತೆ ಬರೆದೆ ಎಂದುಕೊಳ್ಳಬೇಡಿ. ಮೊಣಕೈಯ ಮೇಲೆ ಮ್ಯಾನೇಜರ್ ಬೆರಳಿನ ಗುರುತು ಇನ್ನೂ ಬಿಸಿಯಾಗಿತ್ತು. ಹೇಗಿದ್ದರೂ ಹೋಗುವುದು ನನ್ನ ಕತ್ತೇ ಎಂದು ಅದು ಹೇಳುತ್ತಿತ್ತು. ಬರೆದೆ. ಮ್ಯಾನೇಜರ್ ನನ್ನ ಚಹಾ ಮುಟ್ಟದೆ ಹೋಗಿ ಕಾರಿನಲ್ಲಿ ಕುಳಿತರು.

ಸೋಮವಾರ ಲಾರಿ ಬರಲಿಲ್ಲ. ಮರುದಿನವೂ ಇಲ್ಲ. ಒಂದು ವಾರ ಹಳೆಯ ಮೂಟೆಗಳನ್ನೇ ತಿರುವಿಹಾಕಿದರು. ಎರಡನೆಯ ವಾರ ನಾಲ್ವರು ವೇರ್‌ಹೌಸಿನ ಪ್ಯಾಕಿಂಗ್ ಕೆಲಸಕ್ಕೆ ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಗೇಟಿನಲ್ಲಿ ಯಾವ ಲಾರಿ ಹಾರ್ನ್ ಹೊಡೆದರೂ ಉಳಿದ ಏಳು ತಲೆಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬಗ್ಗುತ್ತಿದ್ದವು. ನೀಲವ್ವ ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದಳು. ಒಂದು ದಿನ ತಡೆಯಲಾರದೆ, "ಎಲ್ಲ ನಿನ್ನ ಬಾಯಿಂದ ಆದದ್ದು" ಎಂದೆ.

ಅವಳು ಕಸಬರಿಗೆ ನೆಲಕ್ಕೆ ಕುಟ್ಟಿದಳು. "ನಿಮ್ಮ ಬಾಯಿಂದ್ರೀ ಅಣ್ಣಾರ. ಬಾಯ್ಲರ್ ಅಂತ ಮೊದಲ ಅಂದವರು ಯಾರು?"

ಆರನೆಯ ವಾರ ಲಾರಿ ಬಂತು. ಹೊರಗೆ ಹೋಗಿ ನೋಡಿದರೆ ಮೂಟೆಗಳೆಲ್ಲ ಬಿಳಿ, ಎಲ್ಲದರ ಬಾಯಿಗೆ ಚೀಟಿ. ನೀಲವ್ವ ಮೊದಲ ಮೂಟೆ ಬಿಚ್ಚಿ ಮೊಣಕೈವರೆಗೆ ಕೈ ಹಾಕಿದಳು. ತಳದಿಂದ ಒಂದು ಎಳೆ ತೆಗೆದು ಸುಟ್ಟು, ಬೂದಿಯನ್ನು ನನ್ನ ಅಂಗೈಯಲ್ಲಿ ಒರೆಸಿದಳು. ಮೆತ್ತಗಿತ್ತು. ಲೈಕ್ರಾದ ಮೂಟೆಗಳು ಕಾರ್ಖಾನೆಯಲ್ಲೇ ಉಳಿದಿದ್ದವು. ಅವುಗಳಿಗೆ ದಾರಿ ಹುಡುಕುವ ಖರ್ಚು ಬಟ್ಟೆ ಮಾಡಿಸುವವರದ್ದು ಎಂದು, ಹುಡುಗಿಯ ವರದಿ ನೋಡಿದ ಮೇಲೆ, ಆ ಕಂಪನಿ ಮತ್ತು ಕಾರ್ಖಾನೆ ನಡುವೆ ಮಾತಾಗಿತ್ತಂತೆ. ಅಷ್ಟಕ್ಕೆ ಭಿವಂಡಿಯ ಹೊಗೆ ನಿಂತಿತು ಎಂದು ಹೇಳಲಾರೆ. ನನ್ನ ಪಾಲಿನದು ನಿಂತಿತು.

ಮ್ಯಾನೇಜರ್ ಫೋನಿನಲ್ಲಿ ಇನ್ನೊಂದು ಮಾತು ಹೇಳಿದರು: ಕಟಿಂಗ್‌ನವರಿಗೆ ಬೇರ್ಪಡಿಸುವುದನ್ನು ಕಲಿಸಬೇಕು, ಆ ಹೆಂಗಸನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿ. ಕಳಿಸಿದೆ. ನೀಲವ್ವ ತಿರುಗಿ ಬರಲಿಲ್ಲ. ಕುತ್ತಿಗೆಗೆ ಫೋಟೊ ಇದ್ದ ಕಾರ್ಡು ಹಾಕಿಕೊಂಡು ಒಂದು ಭಾನುವಾರ ಪೇಡೆ ತಂದಳು. ನಾನು ಬಹಳ ಚೌಕಾಶಿ ಮಾಡಿದೆ, ನಿನಗೆ ಇಲ್ಲಿ ಏನು ಕಡಿಮೆ ಎಂದು ಕೇಳಿದೆ. ಅವಳು ಗೋದಾಮಿನ ತಗಡನ್ನೊಮ್ಮೆ ಮೇಲೆ ನೋಡಿ, "ಅಲ್ಲಿ ಫ್ಯಾನ್ ಐತ್ರಿ ಅಣ್ಣಾರ" ಎಂದಳು. ಮರುವಾರ ನಾನು ಎರಡು ಫ್ಯಾನ್ ಹಾಕಿಸಿದೆ. ನಾರು ಅಷ್ಟೇನೂ ಹಾರುವುದಿಲ್ಲ.

ಇರಲಿ, ಅಂಗಡಿಯ ಮಾತಿಗೆ ಬರೋಣ. ಹುಡುಗಿ ಕೂಗಿದ ಮೇಲೆ ಹೆಂಡತಿ ಹತ್ತಿರ ಬಂದಳು. ಇದೇ ಗಳಿಗೆ, ಕನ್ನಡದಲ್ಲಿ "ಬೇಡ ಅನ್ನು, ಈಗ ಅರ್ಧಕ್ಕೆ ಇಳೀತಾರೆ" ಎನ್ನಬೇಕಾದ್ದು. ಬಾಯಿ ತೆರೆದೆ. ಮುಚ್ಚಿದೆ. ಕನ್ನಡಕ ಹಾಕಿ ಹುಡುಗಿಯ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿದೆ, ಸಾತಾರಾ ಕಡೆಯ ಮರಾಠಿಯವಳಿರಬೇಕು. ಆದರೂ ಕನ್ನಡ ಬಾಯಿಂದ ಹೊರಡಲಿಲ್ಲ. ನೇರ ಹಿಂದಿಯಲ್ಲೇ ಕೇಳಿದೆ, ಈ ಫ್ರಾಕು ಹರಿದ ಮೇಲೆ ನೀವು ವಾಪಸ್ ತಗೊಳ್ಳುತ್ತೀರಾ ಎಂದು.

"ಫಟ್‌ನೇ ಕೇ ಬಾದ್?" ಅವಳು ಸೆಕ್ಯುರಿಟಿಯತ್ತ ನೋಡಿದಳು. "ಅಂಕಲ್, ಆಪ್ ಘರ್ ಜಾಯಿಯೇ."

ಹೊರಗೆ ರಿಕ್ಷಾ ಸಾಲಿನಲ್ಲಿ ನಿಂತಾಗಲೂ ಆ ಗುಂಡು ನನ್ನ ಬೆರಳುಗಳ ನಡುವೆಯೇ ಇತ್ತು. ಉಜ್ಜಿದೆ, ಒತ್ತಿದೆ. ಹಾಗೆಯೇ ಇತ್ತು.

"ಎಂತದದು ಕೈಯಲ್ಲಿ?" ಎಂದಳು ಹೆಂಡತಿ. ತೋರಿಸಿದೆ. "ಅಯ್ಯೋ, ಬಿಸಾಡಿ ಮಾರಾಯ್ರೆ ಅದನ್ನು!"

ನಾನು ರಸ್ತೆಯ ಆಚೀಚೆ ನೋಡಿದೆ.

"ಎಲ್ಲಿಗೆ?" ಎಂದೆ.